ಮಿಷಿಗನ್‌ನಲ್ಲಿ ಮನೆ ಕಂದಾಯ: ಮೌಲ್ಯ ಸಮೀಕರಣ ಮತ್ತು ನೋಟಿಸ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ವರ್ಷ ಶಿವರಾತ್ರಿಯ ಆಸುಪಾಸಿನಲ್ಲಿ ಮಿಷಿಗನ್‌ನ ಮನೆಗಳ ಅಂಚೆ ಪೆಟ್ಟಿಗೆಗೆ ಸಿಟಿ ಅಥವಾ ಟೌನ್‌ಶಿಪ್ ಕಚೇರಿಯಿಂದ ಒಂದು ಹಾಳೆ ಬರುತ್ತದೆ. ಅದರ ಮೇಲೆ 'ಇದು ತೆರಿಗೆ ಬಿಲ್ ಅಲ್ಲ' ಎಂದು ಅಚ್ಚಾಗಿರುತ್ತದೆ. ಅಷ್ಟನ್ನು ಓದಿ ಬಹಳ ಮಂದಿ ಅದನ್ನು ಬದಿಗಿಡುತ್ತಾರೆ. ಮೊದಲ ಮನೆ ಕೊಂಡ ಮರುವರ್ಷ ನಾನೂ ಹಾಗೆಯೇ ಮಾಡಿದ್ದೆ. ಜುಲೈನಲ್ಲಿ ನಿಜವಾದ ಬಿಲ್ ಬಂದು ಗಾಬರಿಯಾದಾಗ, ಪ್ರಶ್ನಿಸುವ ಕಾಲ ಮುಗಿದು ನಾಲ್ಕು ತಿಂಗಳಾಗಿತ್ತು. ಟ್ರಾಯ್, ನೋವೈ, ಕ್ಯಾಂಟನ್, ಫಾರ್ಮಿಂಗ್ಟನ್ ಹಿಲ್ಸ್ ಕಡೆ ಮನೆ ಕೊಂಡ ಕನ್ನಡ ಕುಟುಂಬಗಳು ಈಗಲೂ ಅದೇ ತಪ್ಪು ಮಾಡುವುದನ್ನು ನೋಡುತ್ತಿದ್ದೇನೆ. ಅವರು ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಒಟ್ಟುಗೂಡಿಸಿದ್ದೇನೆ.

ಬೆಂಗಳೂರಿನಲ್ಲಿ ಕಂದಾಯ ಕಟ್ಟಿ ಅಭ್ಯಾಸವಿದೆ. ಇಲ್ಲಿ ಏನು ಬೇರೆ?

ಬೆಂಗಳೂರಿನಲ್ಲಿ 2008ರಿಂದ ಇರುವುದು ಘಟಕ ಪ್ರದೇಶ ಮೌಲ್ಯದ ಪದ್ಧತಿ. ನಿಮ್ಮ ವಲಯ ಯಾವುದು, ಕಟ್ಟಡ ಎಷ್ಟು ಚದರಡಿ, ಸ್ವಂತ ವಾಸಕ್ಕೋ ಬಾಡಿಗೆಗೋ ಎಂದು ನೀವೇ ಘೋಷಿಸಿ, ಲೆಕ್ಕ ಹಾಕಿ ಕಟ್ಟುತ್ತೀರಿ. ಮಿಷಿಗನ್‌ನಲ್ಲಿ ನೀವು ಏನನ್ನೂ ಘೋಷಿಸುವುದಿಲ್ಲ. ನಿಮ್ಮ ಸಿಟಿ ಅಥವಾ ಟೌನ್‌ಶಿಪ್‌ನ ಅಸೆಸರ್, ಅಂದರೆ ರಾಜ್ಯದಿಂದ ಪ್ರಮಾಣಪತ್ರ ಪಡೆದ ಮೌಲ್ಯಮಾಪಕರು, ಪ್ರತಿ ವರ್ಷ ಡಿಸೆಂಬರ್ 31ಕ್ಕೆ ಮನೆ ಹೇಗಿತ್ತೋ ಅದರಂತೆ ಬೆಲೆ ಕಟ್ಟುತ್ತಾರೆ. ನಿಮ್ಮ ಮಾತಿಗೆ ಜಾಗ ಸಿಗುವುದು ಆಮೇಲೆ, ಆಕ್ಷೇಪಣೆಯ ರೂಪದಲ್ಲಿ. ಆ ಬಾಗಿಲು ವರ್ಷಕ್ಕೆ ಕೆಲವೇ ದಿನ ತೆರೆದಿರುತ್ತದೆ. ಅದು ತೆರೆಯುತ್ತಿದೆ ಎಂದು ತಿಳಿಸುವ ಪತ್ರವೇ ಈ ನೋಟಿಸ್.

ನೋಟಿಸ್‌ನಲ್ಲಿ ಮೂರು ಬೇರೆ ಬೇರೆ ಮೌಲ್ಯಗಳಿವೆ. ಯಾವುದು ಏನು?

ಮೊದಲನೆಯದು ಅಸೆಸ್ಡ್ ವ್ಯಾಲ್ಯೂ. ಅಸೆಸರ್ ಅಂದಾಜಿಸಿದ ಮಾರುಕಟ್ಟೆ ಬೆಲೆಯ ಅರ್ಧ. ಮೌಲ್ಯ ನಿರ್ಧಾರ ಮಾರುಕಟ್ಟೆ ಬೆಲೆಯ ಶೇ 50ನ್ನು ಮೀರಬಾರದು ಎಂದು ಮಿಷಿಗನ್ ಸಂವಿಧಾನವೇ ಹೇಳುತ್ತದೆ. ಹಾಗಾಗಿ 4 ಲಕ್ಷ ಡಾಲರ್ ಬಾಳುವ ಮನೆಗೆ ಇಲ್ಲಿ 2 ಲಕ್ಷ ಎಂದಿರಬೇಕು. 'ನನ್ನ ಮನೆಗೆ ಇಷ್ಟು ಕಡಿಮೆ ಬೆಲೆಯೇ' ಎಂದು ನೊಂದುಕೊಂಡವರೂ, 'ಕಡಿಮೆಯೇ ಹಾಕಿದ್ದಾರೆ, ಒಳ್ಳೆಯದಾಯಿತು' ಎಂದು ಸುಮ್ಮನಾದವರೂ ಇದ್ದಾರೆ. ಇಬ್ಬರೂ ಆ ಅಂಕಿಯನ್ನು ಎರಡರಿಂದ ಗುಣಿಸಿ ನೋಡಬೇಕು.

ಎರಡನೆಯದು ಸ್ಟೇಟ್ ಈಕ್ವಲೈಸ್ಡ್ ವ್ಯಾಲ್ಯೂ, ಬಾಯಿಮಾತಿನಲ್ಲಿ ಎಸ್‌ಇವಿ. ಅಸೆಸ್ಡ್ ವ್ಯಾಲ್ಯೂವನ್ನು ಕೌಂಟಿ (ಹಲವು ಸಿಟಿ, ಟೌನ್‌ಶಿಪ್‌ಗಳು ಸೇರಿದ ಜಿಲ್ಲೆ) ಮತ್ತು ರಾಜ್ಯ ಸಮೀಕರಿಸಿದ ಮೇಲೆ ಸಿಗುವ ಅಂಕಿ ಇದು. ಮೂರನೆಯದು ಟ್ಯಾಕ್ಸಬಲ್ ವ್ಯಾಲ್ಯೂ. ನಿಮ್ಮ ತೆರಿಗೆ ಲೆಕ್ಕವಾಗುವುದು ಇದರ ಮೇಲೆ ಮಾತ್ರ. ಹಣದ ದೃಷ್ಟಿಯಿಂದ ಮೊದಲು ಕಣ್ಣು ಹಾಯಿಸಬೇಕಾದದ್ದು ಇದರ ಕಡೆಗೇ.

ಸಮೀಕರಣ ಎಂದರೇನು? ಅದು ಯಾಕೆ ಬೇಕು?

ಹಿಂದೆ ನಮ್ಮ ಕಡೆ ಒಂದೂರಿನ ಸೇರು ಇನ್ನೊಂದೂರಿನ ಸೇರಿಗೆ ಸಮವಿರುತ್ತಿರಲಿಲ್ಲ. ಈ ಊರಿನ ಹತ್ತು ಸೇರು ರಾಗಿ ಆ ಊರಿನಲ್ಲಿ ಅಳೆದರೆ ಒಂಬತ್ತೋ ಹನ್ನೊಂದೋ ಆಗುತ್ತಿತ್ತು. ಇಲ್ಲಿಯ ತೊಂದರೆಯೂ ಅದೇ ಜಾತಿಯದು. ಮಿಷಿಗನ್‌ನಲ್ಲಿ ಮನೆಗೆ ಬೆಲೆ ಕಟ್ಟುವುದು ಪ್ರತಿಯೊಂದು ಸಿಟಿ, ಟೌನ್‌ಶಿಪ್‌ನ ಕೆಲಸ. ಆದರೆ ಆ ಬೆಲೆಯ ಮೇಲೆ ತೆರಿಗೆ ಎತ್ತುವವರು ಅವರಷ್ಟೇ ಅಲ್ಲ. ಕೌಂಟಿ, ಶಾಲಾ ಜಿಲ್ಲೆ, ಸಮುದಾಯ ಕಾಲೇಜು, ರಾಜ್ಯ ಸರ್ಕಾರ ಎಲ್ಲಕ್ಕೂ ಅದರಲ್ಲಿ ಪಾಲಿದೆ.

ಒಂದೇ ಕೌಂಟಿಯಲ್ಲಿ ಅಕ್ಕಪಕ್ಕದ ಎರಡು ಟೌನ್‌ಶಿಪ್‌ಗಳನ್ನು ಕಲ್ಪಿಸಿಕೊಳ್ಳಿ. ಎರಡರಲ್ಲೂ 4 ಲಕ್ಷ ಡಾಲರ್ ಬಾಳುವ ತದ್ರೂಪಿ ಮನೆಗಳಿವೆ. ಮೊದಲ ಟೌನ್‌ಶಿಪ್‌ನ ಅಸೆಸರ್ ಸರಿಯಾಗಿ ಶೇ 50ರಂತೆ 2,00,000 ಬರೆದರು. ಎರಡನೆಯವರು ಶೇ 40ರಂತೆ 1,60,000 ಬರೆದರು. ಟ್ಯಾಕ್ಸಬಲ್ ವ್ಯಾಲ್ಯೂ ಕೂಡ ಅಷ್ಟೇ ಇದ್ದು, ಕೌಂಟಿ ಮತ್ತು ಕಾಲೇಜು ಸೇರಿ 6 ಮಿಲ್ ತೆರಿಗೆ ಹಾಕುತ್ತವೆ ಎಂದುಕೊಳ್ಳೋಣ. ಮಿಲ್ ಎಂದರೆ ಪ್ರತಿ 1,000 ಡಾಲರ್ ಮೌಲ್ಯಕ್ಕೆ 1 ಡಾಲರ್. ಮೊದಲ ಮನೆಯವರು 1,200 ಡಾಲರ್ ಕಟ್ಟಿದರೆ ಎರಡನೆಯ ಮನೆಯವರು 960 ಕಟ್ಟುತ್ತಾರೆ. ಅದೇ ಬೆಲೆಯ ಮನೆ, ಅದೇ ಕಾಲೇಜು, ಆದರೆ ನಡುವಿನ ರಸ್ತೆ ದಾಟಿದ ಮಾತ್ರಕ್ಕೆ 240 ಡಾಲರ್ ವ್ಯತ್ಯಾಸ. ಈ ಬಾಗಿಲು ತೆರೆದೇ ಇದ್ದರೆ ಪ್ರತಿಯೊಂದು ಊರೂ ತನ್ನವರ ಮನೆಗಳ ಬೆಲೆ ಇಳಿಸಿ, ಕೌಂಟಿಯ ಭಾರವನ್ನು ಪಕ್ಕದ ಊರಿನ ಹೆಗಲಿಗೆ ದಾಟಿಸಬಹುದು.

ಅದನ್ನು ತಡೆಯಲು ಎರಡು ಹಂತದ ತಪಾಸಣೆ ಇದೆ. ಕೌಂಟಿಯೊಳಗಿನ ಊರುಗಳನ್ನು ಕೌಂಟಿ ಸರಿದೂಗಿಸುತ್ತದೆ. ಕೌಂಟಿ ಕೌಂಟಿಗಳ ನಡುವಿನ ಅಂತರವನ್ನು ರಾಜ್ಯ ತೆರಿಗೆ ಆಯೋಗ ಸರಿದೂಗಿಸುತ್ತದೆ. ಎರಡೂ ಕಡೆ ಗುರಿ ಒಂದೇ: ಪ್ರತಿಯೊಂದು ವರ್ಗದ ಆಸ್ತಿಯೂ ಮಾರುಕಟ್ಟೆ ಬೆಲೆಯ ಅರ್ಧಕ್ಕೆ ಬಂದು ನಿಲ್ಲಬೇಕು. ವಾಸದ ಮನೆ, ವಾಣಿಜ್ಯ, ಕೈಗಾರಿಕೆ, ಕೃಷಿ ಮುಂತಾದ ವರ್ಗಗಳನ್ನು ಬೇರೆ ಬೇರೆಯಾಗಿಯೇ ತೂಗುತ್ತಾರೆ.

ಒಂದು ಊರಿನ ಮನೆಗಳಿಗೆ ಬೆಲೆ ಕಡಿಮೆ ಬಿದ್ದಿದೆ ಎಂದು ಕೌಂಟಿಗೆ ಹೇಗೆ ತಿಳಿಯುತ್ತದೆ?

ಮಾರಾಟಗಳಿಂದ. ಕೌಂಟಿಯ ಸಮೀಕರಣ ವಿಭಾಗ ಆ ಊರಿನಲ್ಲಿ ಎರಡು ವರ್ಷಗಳಲ್ಲಿ ನಡೆದ ಮನೆ ಮಾರಾಟಗಳನ್ನು ಕಲೆಹಾಕುತ್ತದೆ. ಅಣ್ಣ ತಮ್ಮಂದಿರ ನಡುವಿನ ಮಾರಾಟ, ಬ್ಯಾಂಕ್ ಜಪ್ತಿ ಮಾಡಿದ ಮನೆಯ ಮಾರಾಟದಂಥವನ್ನು ಸಾಮಾನ್ಯವಾಗಿ ಬದಿಗಿಡುತ್ತಾರೆ. ಉಳಿದವುಗಳಲ್ಲಿ ಪ್ರತಿ ಮನೆಯ ಅಸೆಸ್ಡ್ ವ್ಯಾಲ್ಯೂವನ್ನು ಮಾರಾಟದ ಬೆಲೆಗೆ ಹೋಲಿಸಿ ಅನುಪಾತ ತೆಗೆಯುತ್ತಾರೆ. ಆ ಅನುಪಾತ ಶೇ 49 ಮತ್ತು ಶೇ 50ರ ನಡುವೆ ಇದ್ದರೆ ಊರು ಪಾಸಾದ ಹಾಗೆ.

ಅನುಪಾತ ಶೇ 46 ಬಂತು ಎನ್ನಿ. ಆಗ 50ನ್ನು 46ರಿಂದ ಭಾಗಿಸಿದರೆ ಸುಮಾರು 1.087. ಅದೇ ಗುಣಕ. ಊರಿನ ಅಸೆಸರ್ ಬೆಲೆಗಳನ್ನು ತಾವೇ ಸರಿಪಡಿಸದಿದ್ದರೆ, ಕೌಂಟಿ ಆ ವರ್ಗದ ಪ್ರತಿಯೊಂದು ಮನೆಯ ಮೌಲ್ಯವನ್ನೂ 1.087ರಿಂದ ಗುಣಿಸುತ್ತದೆ. 1,84,000 ಎಂದಿದ್ದದ್ದು 2 ಲಕ್ಷದ ಹತ್ತಿರ ಬಂದು ನಿಲ್ಲುತ್ತದೆ. ಯಾವ ಮನೆಯ ಬೆಲೆ ಮೊದಲೇ ಸರಿಯಾಗಿತ್ತು, ಯಾವುದು ತಪ್ಪಾಗಿತ್ತು ಎಂದು ಗುಣಕ ನೋಡುವುದಿಲ್ಲ. ಆದ್ದರಿಂದ ಕಾಳಜಿಯುಳ್ಳ ಅಸೆಸರ್‌ಗಳು ಗುಣಕ ಬೀಳುವ ಮೊದಲೇ, ಬಡಾವಣೆ ಬಡಾವಣೆಯಾಗಿ ಬೆಲೆಗಳನ್ನು ತಿದ್ದಿಕೊಳ್ಳುತ್ತಾರೆ. ಬಹುತೇಕ ನೋಟಿಸ್‌ಗಳಲ್ಲಿ ಗುಣಕದ ಜಾಗದಲ್ಲಿ 1.000 ಎಂದು ಕಾಣುವುದು ಈ ಕಾರಣಕ್ಕೆ.

ಈಗ ನಮ್ಮ ಕಡೆ ಮನೆ ಬೆಲೆ ತಣ್ಣಗಾಗಿದೆ. ಆದರೂ ಮೌಲ್ಯ ಏರಿಸಿದ್ದಾರಲ್ಲ?

ಅಧ್ಯಯನದ ಕಾಲಾವಧಿಯನ್ನು ನೋಡಿ. 2025ರ ಮೌಲ್ಯಕ್ಕೆ ಆಧಾರವಾದ ಎರಡು ವರ್ಷದ ಮಾರಾಟಗಳು 2022ರ ಏಪ್ರಿಲ್ 1ರಿಂದ 2024ರ ಮಾರ್ಚ್ 31ರವರೆಗಿನವು. ಅಂದರೆ ನಿಮ್ಮ ಕೈಗೆ ಬರುವ ಅಂಕಿ ಮಾರುಕಟ್ಟೆಗಿಂತ ಒಂದು ವರ್ಷ ಹಿಂದೆ ನಡೆಯುತ್ತಿರುತ್ತದೆ. ಏರುವಾಗ ಇದು ನಿಮಗೆ ಅನುಕೂಲ, ಇಳಿಯುವಾಗ ಅನನುಕೂಲ.

ಗುಣಕ 1.000 ಇದೆ. ಹಾಗಾದರೆ ನನ್ನ ಮನೆಯ ಬೆಲೆ ಸರಿಯಾಗಿದೆ ಎಂದಾಯಿತೇ?

ಇಲ್ಲ. ಈ ಪುಟದಲ್ಲಿ ಒಂದೇ ಒಂದು ಉತ್ತರ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಸಮೀಕರಣ ತೂಗುವುದು ಊರನ್ನು, ಮನೆಯನ್ನಲ್ಲ. ಹತ್ತು ಮನೆಗಳಲ್ಲಿ ಐದು ಶೇ 60ರಲ್ಲಿ, ಐದು ಶೇ 40ರಲ್ಲಿ ಇದ್ದರೂ ಒಟ್ಟು ಲೆಕ್ಕ ಶೇ 50ಕ್ಕೆ ಹೊಂದಿಬಿಡಬಹುದು. ಊರು ಪಾಸು, ಕೌಂಟಿಗೆ ಸಮಾಧಾನ, ಐದು ಕುಟುಂಬಗಳಿಗೆ ಮಾತ್ರ ಅನ್ಯಾಯ. ಆ ಐದರಲ್ಲಿ ನೀವಿದ್ದೀರಾ ಎಂದು ಪರೀಕ್ಷಿಸುವ ಕೆಲಸವನ್ನು ಕಾನೂನು ನಿಮಗೇ ಬಿಟ್ಟಿದೆ.

ಇದು ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಡೆಟ್ರಾಯಿಟ್ ನಮ್ಮ ಕಣ್ಣ ಮುಂದಿದೆ. 2008ರ ಕುಸಿತದ ನಂತರ ಅಲ್ಲಿ ಮನೆಗಳ ಬೆಲೆ ಪಾತಾಳಕ್ಕೆ ಇಳಿದರೂ ದಾಖಲೆಯ ಮೌಲ್ಯಗಳು ಅದೇ ವೇಗದಲ್ಲಿ ಇಳಿಯಲಿಲ್ಲ. 2010ರಿಂದ 2016ರವರೆಗೆ ಮನೆ ಮಾಲೀಕರ ಮೇಲೆ ಕನಿಷ್ಠ 60 ಕೋಟಿ ಡಾಲರ್ ಹೆಚ್ಚುವರಿ ತೆರಿಗೆ ಬಿದ್ದಿತ್ತು ಎಂದು ಡೆಟ್ರಾಯಿಟ್ ನ್ಯೂಸ್ ಪತ್ರಿಕೆ 2020ರಲ್ಲಿ ಲೆಕ್ಕ ಮುಂದಿಟ್ಟಿತು. ತೆರಿಗೆ ಬಾಕಿಗಾಗಿ ಮನೆಯನ್ನೇ ಕಳೆದುಕೊಂಡ ಕುಟುಂಬಗಳು ಅಲ್ಲಿವೆ. ಅಜ್ಜ ಅಜ್ಜಿ ಕಾರು ಕಾರ್ಖಾನೆಯಲ್ಲಿ ದುಡಿದು ಕಟ್ಟಿದ ಮನೆ ಒಂದು ತಪ್ಪು ಅಂಕಿಯ ಕಾರಣಕ್ಕೆ ಕೈಬಿಟ್ಟುಹೋಗುವುದು ಸಣ್ಣ ಮಾತಲ್ಲ.

ನೋಟಿಸ್ ಯಾವಾಗ ಬರಬೇಕು? ಬರದೇ ಇದ್ದರೆ?

ಮಾರ್ಚ್ ತಿಂಗಳ ಬೋರ್ಡ್ ಆಫ್ ರಿವ್ಯೂ, ಅಂದರೆ ಆಕ್ಷೇಪಣೆಗಳನ್ನು ಕೇಳುವ ಊರಿನ ಮಂಡಳಿಯ ಸಭೆಗೆ ಕನಿಷ್ಠ 14 ದಿನ ಮುಂಚೆ ಅದನ್ನು ಅಂಚೆಗೆ ಹಾಕಬೇಕು ಎಂದು ಕಾನೂನು ಹೇಳುತ್ತದೆ. ಆದರೆ ಅದೇ ಕಾನೂನಿನಲ್ಲಿ ಇನ್ನೊಂದು ಮಾತಿದೆ: ನೋಟಿಸ್ ಕಳುಹಿಸದಿದ್ದರೂ, ಅದು ನಿಮಗೆ ತಲುಪದಿದ್ದರೂ, ಆ ಕಾರಣಕ್ಕೆ ಮೌಲ್ಯ ರದ್ದಾಗುವುದಿಲ್ಲ. 'ನನಗೆ ಬಂದೇ ಇಲ್ಲ' ಎಂಬ ವಾದವನ್ನು ನೆಚ್ಚಿಕೊಂಡು ಕೂರಬೇಡಿ. ಫೆಬ್ರವರಿ ಮುಗಿಯುತ್ತಾ ಬಂದರೂ ಹಾಳೆ ಕಾಣಿಸದಿದ್ದರೆ ಅಸೆಸರ್ ಕಚೇರಿಗೆ ಫೋನ್ ಮಾಡಿ, ಇನ್ನೊಂದು ಪ್ರತಿ ಕೊಡುತ್ತಾರೆ. ಬಹಳಷ್ಟು ಊರುಗಳ ಜಾಲತಾಣದಲ್ಲಿ ಮನೆಯ ವಿಳಾಸ ಹಾಕಿದರೆ ಈ ಅಂಕಿಗಳು ಸಿಗುತ್ತವೆ. ಮನೆ ಬಾಡಿಗೆಗೆ ಕೊಟ್ಟು ಟೆಕ್ಸಾಸ್‌ಗೋ ಕ್ಯಾಲಿಫೋರ್ನಿಯಾಗೋ ಹೋದವರು ಅಂಚೆ ವಿಳಾಸ ಬದಲಾಯಿಸಲು ಮರೆಯುವುದೇ ಹೆಚ್ಚು.

ನೋಟಿಸ್ ತಡವಾಗುವುದು ಎಷ್ಟು ಗಂಭೀರ ವಿಷಯ ಎಂಬುದು ನ್ಯಾಯಾಲಯದವರೆಗೂ ಹೋಗಿದೆ. 2017ರಲ್ಲಿ ಡೆಟ್ರಾಯಿಟ್‌ನ ನೋಟಿಸ್‌ಗಳು ಆಕ್ಷೇಪಣೆಯ ಗಡುವಿಗೆ ಕೆಲವೇ ದಿನ ಉಳಿದಿರುವಾಗ ಹೊರಟವು ಎಂದು ಮನೆ ಮಾಲೀಕರು ಮೊಕದ್ದಮೆ ಹೂಡಿದರು. 2022ರಲ್ಲಿ ಆರನೇ ಸರ್ಕ್ಯೂಟ್ ಫೆಡರಲ್ ಮೇಲ್ಮನವಿ ನ್ಯಾಯಾಲಯ ಆ ಮೊಕದ್ದಮೆ ಮುಂದುವರಿಯಲು ದಾರಿ ಮಾಡಿಕೊಟ್ಟಿತು.

ನೋಟಿಸ್ ಕೈಗೆ ಬಂದ ಮೇಲೆ ಏನೇನು ನೋಡಬೇಕು?

ಅಡುಗೆಮನೆಯ ಮೇಜಿನ ಮೇಲೆ ಹರಡಿ, ಪೆನ್ನು ಹಿಡಿದು ಕುಳಿತುಕೊಳ್ಳಿ. ಮೊದಲು ವರ್ಗ: ಕಟ್ಟಿದ ವಾಸದ ಮನೆಯಾದರೆ 401 ಎಂಬ ಸಂಖ್ಯೆ ಇರಬೇಕು. ಆಮೇಲೆ ಸ್ವಂತ ವಾಸದ ವಿನಾಯಿತಿ: ಅಲ್ಲಿ ಶೇ 100 ಎಂದಿದೆಯೇ, ಶೇ 0 ಎಂದಿದೆಯೇ? ನೀವು ವಾಸವಿರುವ ಮನೆಗೆ ಶೇ 0 ಎಂದಿದ್ದರೆ ಶಾಲೆಯ 18 ಮಿಲ್ ತೆರಿಗೆ ನಿಮ್ಮ ಮೇಲೆ ಸುಮ್ಮನೆ ಬೀಳುತ್ತಿದೆ ಎಂದರ್ಥ. ಮುಂದೆ ಮೂರು ಮೌಲ್ಯಗಳ ಸಾಲು: ಕಳೆದ ವರ್ಷದ್ದು, ಈ ವರ್ಷದ್ದು, ವ್ಯತ್ಯಾಸ. 'ಕಳೆದ ವರ್ಷ ಮಾಲೀಕತ್ವ ಬದಲಾಗಿದೆಯೇ' ಎಂಬ ಪ್ರಶ್ನೆಯ ಮುಂದೆ ಹೌದು ಅಥವಾ ಇಲ್ಲ ಎಂದಿರುತ್ತದೆ. ನೀವು ಹತ್ತು ವರ್ಷದಿಂದ ಅದೇ ಮನೆಯಲ್ಲಿದ್ದು ಅಲ್ಲಿ 'ಹೌದು' ಎಂದಿದ್ದರೆ ಅದೇ ದಿನ ಕಚೇರಿಗೆ ಹೋಗಿ. ಕೊನೆಯಲ್ಲಿ ಬೋರ್ಡ್ ಆಫ್ ರಿವ್ಯೂ ಸಭೆಯ ದಿನ, ಸಮಯ, ಜಾಗ ಇರುತ್ತದೆ. ಅದನ್ನು ಕ್ಯಾಲೆಂಡರ್‌ನಲ್ಲಿ ಆಗಲೇ ಬರೆದಿಡಿ.

ಅಸೆಸ್ಡ್ ವ್ಯಾಲ್ಯೂ ಇಳಿದಿದೆ, ಟ್ಯಾಕ್ಸಬಲ್ ವ್ಯಾಲ್ಯೂ ಏರಿದೆ. ಇದು ತಪ್ಪಲ್ಲವೇ?

ತಪ್ಪಲ್ಲ. 1994ರ ಮಾರ್ಚ್‌ನಲ್ಲಿ ಮಿಷಿಗನ್ ಮತದಾರರು 'ಪ್ರಪೋಸಲ್ ಎ' ಎಂಬ ಸಂವಿಧಾನ ತಿದ್ದುಪಡಿಗೆ ಒಪ್ಪಿಗೆ ಕೊಟ್ಟರು. ಮಾರಾಟ ತೆರಿಗೆ ಶೇ 4ರಿಂದ ಶೇ 6ಕ್ಕೆ ಏರಿತು. ಅದಕ್ಕೆ ಪ್ರತಿಯಾಗಿ, ಮನೆಯ ಟ್ಯಾಕ್ಸಬಲ್ ವ್ಯಾಲ್ಯೂ ವರ್ಷಕ್ಕೆ ಹಣದುಬ್ಬರದ ದರ ಅಥವಾ ಶೇ 5, ಇವೆರಡರಲ್ಲಿ ಯಾವುದು ಕಡಿಮೆಯೋ ಅದಕ್ಕಿಂತ ಹೆಚ್ಚು ಏರಬಾರದು ಎಂಬ ಮಿತಿ ಬಂತು. ಹೊಸದಾಗಿ ಕಟ್ಟಿದ ಭಾಗಕ್ಕೆ ಮಾತ್ರ ಈ ಮಿತಿ ಇಲ್ಲ. 2023ರಲ್ಲಿ ಹಣದುಬ್ಬರ ಜೋರಾಗಿದ್ದಾಗ ಏರಿಕೆ ಶೇ 5ಕ್ಕೇ ನಿಂತಿತು. 2025ರ ಹಣದುಬ್ಬರದ ಗುಣಕ 1.031. ಸಮೀಕರಣದ ಗುಣಕವೇ ಬೇರೆ, ಇದೇ ಬೇರೆ.

ಉದಾಹರಣೆಗೆ 2024ರಲ್ಲಿ ಅಸೆಸ್ಡ್ ವ್ಯಾಲ್ಯೂ 2,00,000, ಟ್ಯಾಕ್ಸಬಲ್ 1,50,000 ಇತ್ತು ಎನ್ನಿ. 2025ರಲ್ಲಿ ಅಸೆಸ್ಡ್ 1,90,000ಕ್ಕೆ ಇಳಿದರೂ ಟ್ಯಾಕ್ಸಬಲ್ 1,54,650ಕ್ಕೆ ಏರುತ್ತದೆ. ಇಷ್ಟು ವರ್ಷ ಮಿತಿಯ ಕೆಳಗೆ ಹಿಂದುಳಿದಿದ್ದ ಅಂಕಿ ಹತ್ತಿರ ಬರುತ್ತಿದೆ, ಅಷ್ಟೇ. ಅದು ಎಸ್‌ಇವಿಯನ್ನು ಮಾತ್ರ ಎಂದಿಗೂ ದಾಟುವಂತಿಲ್ಲ. ಹಣದುಬ್ಬರವೇ ಸೊನ್ನೆಗಿಂತ ಕೆಳಗಿಳಿದರೆ ಟ್ಯಾಕ್ಸಬಲ್ ವ್ಯಾಲ್ಯೂ ಕೂಡ ಇಳಿಯುತ್ತದೆ. 2010ರಲ್ಲಿ ಹಣದುಬ್ಬರದ ಗುಣಕ 0.997 ಇತ್ತು.

ಕಳೆದ ವರ್ಷ ಮನೆ ಕೊಂಡೆವು. ಈಗ ಟ್ಯಾಕ್ಸಬಲ್ ವ್ಯಾಲ್ಯೂ ಒಮ್ಮೆಲೇ ನೆಗೆದಿದೆ. ಏನಾಯಿತು?

ಅತಿ ಹೆಚ್ಚು ಜನ ಕೇಳುವ, ಅತಿ ಹೆಚ್ಚು ನೋವು ಕೊಡುವ ಪ್ರಶ್ನೆ ಇದು. ಮೇಲೆ ಹೇಳಿದ ಮಿತಿ ಮನೆಗೆ ಅಂಟಿಕೊಂಡಿರುವುದಲ್ಲ, ಮಾಲೀಕರಿಗೆ ಅಂಟಿಕೊಂಡಿರುವುದು. ಮನೆ ಕೈ ಬದಲಾದ ಮರುವರ್ಷ ಮಿತಿ ಕಳಚಿ, ಟ್ಯಾಕ್ಸಬಲ್ ವ್ಯಾಲ್ಯೂ ಆ ವರ್ಷದ ಎಸ್‌ಇವಿಗೆ ಸಮನಾಗುತ್ತದೆ. ಅಲ್ಲಿಂದ ಮುಂದೆ ನಿಮ್ಮ ಹೆಸರಿನಲ್ಲಿ ಹೊಸ ಮಿತಿ ಆರಂಭವಾಗುತ್ತದೆ.

ನೀವು 2024ರ ಆಗಸ್ಟ್‌ನಲ್ಲಿ ಮನೆ ಕೊಂಡಿರಿ. ಹಿಂದಿನ ಮಾಲೀಕರ ಟ್ಯಾಕ್ಸಬಲ್ ವ್ಯಾಲ್ಯೂ 1,50,000. ಒಟ್ಟು ದರ 36 ಮಿಲ್ ಆದರೆ ವರ್ಷಕ್ಕೆ 5,400 ಡಾಲರ್. ಮನೆ ತೋರಿಸಿದ ಏಜೆಂಟ್ ಕೊಟ್ಟ ಹಾಳೆಯಲ್ಲಿದ್ದದ್ದು ಇದೇ ಅಂಕಿ. 2025ರಲ್ಲಿ ಎಸ್‌ಇವಿ 2,16,000 ಆಯಿತು, ಟ್ಯಾಕ್ಸಬಲ್ ಕೂಡ ಅದೇ. ತೆರಿಗೆ 7,776. ವರ್ಷಕ್ಕೆ 2,376 ಡಾಲರ್, ತಿಂಗಳಿಗೆ 198 ಡಾಲರ್ ಹೆಚ್ಚು. ಸಾಲ ಕೊಟ್ಟ ಬ್ಯಾಂಕ್ ನಿಮ್ಮ ಎಸ್ಕ್ರೋ ಖಾತೆಯಲ್ಲಿ, ಅಂದರೆ ತೆರಿಗೆಗೆಂದು ಕಂತಿನ ಜೊತೆಗೇ ಹಣ ಕೂಡಿಡುವ ಖಾತೆಯಲ್ಲಿ, ಹಳೆಯ 5,400ರ ಲೆಕ್ಕದಲ್ಲೇ ಹಣ ಹಿಡಿದಿಟ್ಟಿರುತ್ತದೆ. ಆಮೇಲೊಂದು ದಿನ ಕೊರತೆ ತುಂಬಿಸಿ ಎಂದು ಪತ್ರ ಬರುತ್ತದೆ. ಹಿಂದಿನ ಕೊರತೆ ಮತ್ತು ಮುಂದಿನ ಏರಿಕೆ ಎರಡೂ ಒಂದೇ ಕಂತಿಗೆ ಬಂದು ಸೇರಿದಾಗ ಮನೆಯ ಬಜೆಟ್ಟೇ ಅಲುಗಾಡುತ್ತದೆ. ನಮ್ಮ ಮನೆಯಲ್ಲಿ ಆ ವರ್ಷ ಊರಿಗೆ ಹೋಗುವ ಟಿಕೆಟ್ ಮುಂದಕ್ಕೆ ಹೋಯಿತು.

ಮನೆ ನೋಡುತ್ತಿರುವವರಿಗೆ ನನ್ನ ಕಳಕಳಿಯ ಮಾತು: ಹಳೆಯ ಮಾಲೀಕರ ತೆರಿಗೆಯನ್ನು ನಂಬಬೇಡಿ. ಎಸ್‌ಇವಿ ಎಷ್ಟು ಎಂದು ಕೇಳಿ, ಊರಿನ ಒಟ್ಟು ಮಿಲ್ ದರದಿಂದ ಗುಣಿಸಿ, 1,000ದಿಂದ ಭಾಗಿಸಿ. ರಾಜ್ಯದ ಖಜಾನೆ ಇಲಾಖೆಯ ಜಾಲತಾಣದಲ್ಲೂ ಅಂದಾಜು ಹಾಕುವ ಸೌಲಭ್ಯ ಇದೆ.

ನಾವು ಕೊಟ್ಟ ಬೆಲೆಯ ಅರ್ಧವೇ ನಮ್ಮ ಅಸೆಸ್ಡ್ ವ್ಯಾಲ್ಯೂ ಆಗಬೇಕಲ್ಲವೇ?

ಆಗಬೇಕಿಲ್ಲ. ಕೊಂಡ ಬೆಲೆಯೇ ಮನೆಯ ನಿಜವಾದ ಬೆಲೆ ಎಂದು ತಾನಾಗಿ ಭಾವಿಸಬಾರದು ಎಂದು ಮಿಷಿಗನ್ ಕಾನೂನು ಸ್ಪಷ್ಟವಾಗಿ ಹೇಳುತ್ತದೆ. ಮಾರಾಟವಾದ ಮನೆಗಳ ಮೌಲ್ಯವನ್ನು ಮಾತ್ರ ಹುಡುಕಿ ಏರಿಸಿ, ಮಾರಾಟವಾಗದ ಪಕ್ಕದ ಮನೆಯನ್ನು ಹಾಗೆಯೇ ಬಿಡುವುದು ತಪ್ಪು. ಪೈಪೋಟಿಯಲ್ಲಿ ಹೆಚ್ಚು ಬೆಲೆ ಕೊಟ್ಟು ಕೊಂಡವರಿಗೆ ಇದು ರಕ್ಷಣೆ. ನಿಮ್ಮ ಮನೆಯ ಮೌಲ್ಯ ಮಾತ್ರ ಕೊಂಡ ಬೆಲೆಯ ಸರಿಯಾದ ಅರ್ಧಕ್ಕೆ ಬಂದು, ಅದೇ ನಕ್ಷೆಯ ನೆರೆಮನೆಗಳದ್ದು ತೀರಾ ಕೆಳಗಿದ್ದರೆ, ಅದನ್ನು ಬೋರ್ಡ್ ಮುಂದೆ ಕೇಳಬಹುದು.

ಹೊಸದಾಗಿ ಕಟ್ಟಿದ ಮನೆ ಕೊಂಡರೆ?

ಡಿಸೆಂಬರ್ 31ಕ್ಕೆ ಅಡಿಪಾಯ ಮಾತ್ರ ಇದ್ದರೆ ಆ ವರ್ಷದ ಮೌಲ್ಯ ನೆಲ ಮತ್ತು ಅಡಿಪಾಯಕ್ಕಷ್ಟೇ. ಮನೆ ಪೂರ್ತಿಯಾದ ಮೇಲೆ ಬರುವ ಮುಂದಿನ ವರ್ಷದ ಅಂಕಿಯೇ ನಿಜವಾದದ್ದು. ಮೊದಲ ವರ್ಷದ ಸಣ್ಣ ಬಿಲ್ ನೋಡಿ ಖರ್ಚಿನ ಲೆಕ್ಕ ಹಾಕಬೇಡಿ.

ಅಡುಗೆಮನೆ ನವೀಕರಿಸಿದರೆ, ಚಾವಣಿ ಬದಲಾಯಿಸಿದರೆ ಮೌಲ್ಯ ಏರುತ್ತದೆಯೇ?

1976ರ ಮಾಥ್ಯೂ-ಗ್ಯಾಸ್ಟ್ ಕಾನೂನಿನ ಪ್ರಕಾರ ಸಾಮಾನ್ಯ ದುರಸ್ತಿ ಮತ್ತು ನಿರ್ವಹಣೆಯ ಕೆಲಸಗಳನ್ನು ಮನೆ ಮಾರುವವರೆಗೆ ಮೌಲ್ಯಕ್ಕೆ ಸೇರಿಸಬಾರದು. ಹೊರಗೋಡೆಯ ಬಣ್ಣ, ಚಾವಣಿ, ಸೈಡಿಂಗ್, ಮೆಟ್ಟಿಲು, ಕಾರು ಬರುವ ದಾರಿ, ಕೊಳಾಯಿ, ಉಷ್ಣ ನಿರೋಧಕ ಪದರ ಇಂಥವೆಲ್ಲ ಇದರಲ್ಲಿ ಬರುತ್ತವೆ. ಆದರೆ ಹೊಸ ಕೋಣೆ, ಡೆಕ್, ನೆಲಮಾಳಿಗೆಯನ್ನು ವಾಸಯೋಗ್ಯ ಮಾಡುವುದು ಸೇರ್ಪಡೆ. ಅದು ಎಣಿಕೆಗೆ ಬರುತ್ತದೆ.

ಮಕ್ಕಳಿಗೆ ಮನೆ ಕೊಟ್ಟರೆ ಅಥವಾ ಟ್ರಸ್ಟ್‌ಗೆ ಹಾಕಿದರೆ ಮಿತಿ ಕಳಚುತ್ತದೆಯೇ?

ನಿಮ್ಮದೇ ಹಿತಕ್ಕಾಗಿ ಮಾಡಿಕೊಂಡ ಟ್ರಸ್ಟ್ ಆದರೆ ಕಳಚುವುದಿಲ್ಲ. ವಾಸದ ಮನೆಯನ್ನು ತಂದೆ ತಾಯಿ, ಮಕ್ಕಳು, ಒಡಹುಟ್ಟಿದವರು, ಮೊಮ್ಮಕ್ಕಳಿಗೆ ವರ್ಗಾಯಿಸಿ, ಅದನ್ನು ವಾಣಿಜ್ಯಕ್ಕೆ ಬಳಸದಿದ್ದರೆ ಮಿತಿ ಉಳಿಯುತ್ತದೆ. ಯಾವ ವರ್ಗಾವಣೆಯಾದರೂ 45 ದಿನದೊಳಗೆ ಆಸ್ತಿ ವರ್ಗಾವಣೆಯ ಅಫಿಡವಿಟ್ ಅನ್ನು ಅಸೆಸರ್‌ಗೆ ಕೊಡಬೇಕು. ತಡವಾದರೆ ವಾಸದ ಮನೆಗೆ ದಿನಕ್ಕೆ 5 ಡಾಲರ್, ಗರಿಷ್ಠ 200 ಡಾಲರ್ ದಂಡ.

ಸ್ವಂತ ವಾಸದ ವಿನಾಯಿತಿ ತಾನಾಗಿ ಬರುತ್ತದೆಯೇ?

ಬರುವುದಿಲ್ಲ, ಅರ್ಜಿ ಕೊಡಬೇಕು. ಬೇಸಿಗೆ ಬಿಲ್‌ಗೆ ಬೇಕಾದರೆ ಜೂನ್ 1, ಚಳಿಗಾಲದ ಬಿಲ್‌ಗೆ ನವೆಂಬರ್ 1 ಗಡುವು. ಮೇಲೆ ಹೇಳಿದ 2,16,000 ಟ್ಯಾಕ್ಸಬಲ್ ವ್ಯಾಲ್ಯೂವಿನ ಮನೆಗೇ ವಿನಾಯಿತಿ ತಪ್ಪಿದರೆ 18 ಮಿಲ್‌ಗೆ ವರ್ಷಕ್ಕೆ 3,888 ಡಾಲರ್ ಹೆಚ್ಚು. ಮನೆ ಖರೀದಿಯ ದಿನ ಸಹಿ ಹಾಕಿದ ನೂರು ಕಾಗದಗಳಲ್ಲಿ ಇದೂ ಇತ್ತು ಎಂದುಕೊಂಡು ನೆಮ್ಮದಿಯಾಗಿರಬೇಡಿ. ನೋಟಿಸ್‌ನಲ್ಲಿ ಶೇ 100 ಎಂಬುದನ್ನು ಕಣ್ಣಾರೆ ನೋಡಿ.

ಬೋರ್ಡ್ ಆಫ್ ರಿವ್ಯೂ ಹೇಗೆ ನಡೆಯುತ್ತದೆ? ವಕೀಲರು ಬೇಕೇ?

ವಕೀಲರು ಬೇಕಿಲ್ಲ. ಬೋರ್ಡ್‌ನ ಸದಸ್ಯರು ಅಸೆಸರ್ ಅಲ್ಲ, ಅಸೆಸರ್ ಹಾಕಿದ ಬೆಲೆಯನ್ನು ಪರಿಶೀಲಿಸುವ ಊರಿನವರೇ. ಟೌನ್‌ಶಿಪ್‌ನಲ್ಲಿ ಸಾಮಾನ್ಯವಾಗಿ ಮೂವರು. ಮಾರ್ಚ್‌ನ ಎರಡನೇ ಸೋಮವಾರದ ವಾರದಲ್ಲಿ ಅಹವಾಲು ಆರಂಭವಾಗುತ್ತದೆ. ಕೆಲಸಕ್ಕೆ ಹೋಗುವವರಿಗಾಗಿ ಸಂಜೆ 6ರ ನಂತರವೂ ಮೂರು ಗಂಟೆ ಕಾಲ ಇಡಬೇಕೆಂಬ ನಿಯಮ ಇದೆ. ಯುಗಾದಿ ಬರುವ ಹೊತ್ತಿಗೆ ಸಾಮಾನ್ಯವಾಗಿ ಎಲ್ಲ ಮುಗಿದಿರುತ್ತದೆ.

ಎರಡನೇ ಮನೆ ಕೊಂಡಾಗ ನಾನು ಬೋರ್ಡ್ ಮುಂದೆ ಹೋಗಿದ್ದೆ. ಮೊದಲು ಅಸೆಸರ್ ಕಚೇರಿಯಿಂದ ನಮ್ಮ ಮನೆಯ ದಾಖಲೆ ಪತ್ರ ತರಿಸಿಕೊಂಡೆ. ಮನೆಯ ರೇಖಾಚಿತ್ರ, ಚದರಡಿ, ಸ್ನಾನದ ಕೋಣೆಗಳ ಸಂಖ್ಯೆ ಎಲ್ಲ ಅದರಲ್ಲಿರುತ್ತದೆ. ಒಂದು ಸಾಲಿನಲ್ಲಿ ನೆಲಮಾಳಿಗೆ 700 ಚದರಡಿ ವಾಸಯೋಗ್ಯ ಎಂದಿತ್ತು. ನಮ್ಮ ನೆಲಮಾಳಿಗೆಯಲ್ಲಿದ್ದದ್ದು ಬರಿಯ ಸಿಮೆಂಟ್ ನೆಲ, ಬಾಯ್ಲರ್, ಹಿಮ ಎತ್ತುವ ಸಲಿಕೆ, ಊರಿನಿಂದ ತಂದ ಸೂಟ್‌ಕೇಸ್‌ಗಳು. ನಾಲ್ಕು ಮೂಲೆಯಿಂದಲೂ ಫೋಟೊ ತೆಗೆದೆ. ಅದೇ ಬಡಾವಣೆಯಲ್ಲಿ, ಅದೇ ದಶಕದಲ್ಲಿ ಕಟ್ಟಿದ, ಅಷ್ಟೇ ದೊಡ್ಡ ಮೂರು ಮನೆಗಳ ಮಾರಾಟದ ಬೆಲೆ ಒಂದು ಹಾಳೆಯಲ್ಲಿ ಬರೆದುಕೊಂಡೆ. ಉದ್ದನೆಯ ಮೇಜಿನ ಆಚೆ ಮೂವರು ಕುಳಿತಿದ್ದರು, ನನಗೆ ಸಿಕ್ಕಿದ್ದು ಐದು ನಿಮಿಷ. ತೆರಿಗೆ ಜಾಸ್ತಿಯಾಯಿತು ಎಂಬ ಮಾತನ್ನು ನಾನು ಎತ್ತಲೇ ಇಲ್ಲ, ಏಕೆಂದರೆ ತೆರಿಗೆ ದರ ಅವರ ಕೈಯಲ್ಲಿಲ್ಲ. ಡಿಸೆಂಬರ್ 31ಕ್ಕೆ ಈ ಮನೆ ಎಷ್ಟು ಬಾಳುತ್ತಿತ್ತು ಎಂಬುದನ್ನಷ್ಟೇ ಹೇಳಿದೆ. ಅವರಲ್ಲೊಬ್ಬ ಹಿರಿಯ ಮಹಿಳೆ ಫೋಟೊಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ, ದಾಖಲೆಯ ಆ ಸಾಲಿನ ಕೆಳಗೆ ಗೆರೆ ಎಳೆದರು. ಕೆಲವು ವಾರಗಳ ನಂತರ ಬಂದ ಪತ್ರದಲ್ಲಿ ಮೌಲ್ಯ 9,000 ಡಾಲರ್ ಇಳಿದಿತ್ತು. ಮನೆ ಕೊಂಡ ಮರುವರ್ಷವಾದ್ದರಿಂದ ಟ್ಯಾಕ್ಸಬಲ್ ವ್ಯಾಲ್ಯೂ ಕೂಡ ಅಷ್ಟೇ ಇಳಿಯಿತು. ಆ ಇಳಿಕೆ ಅಂದಿನಿಂದ ಪ್ರತಿ ವರ್ಷ ನಮ್ಮ ಜೊತೆಗಿದೆ.

ಆಕ್ಷೇಪಿಸಿದರೆ ಯಾವಾಗಲೂ ಲಾಭವೇ?

ಇಲ್ಲ. ಎಸ್‌ಇವಿ 2,16,000, ಟ್ಯಾಕ್ಸಬಲ್ 1,54,650 ಇರುವವರು ಹೋರಾಡಿ ಎಸ್‌ಇವಿಯನ್ನು 2 ಲಕ್ಷಕ್ಕೆ ಇಳಿಸಿಕೊಂಡರೂ ಬಿಲ್ ಒಂದು ಡಾಲರ್ ಕೂಡ ಇಳಿಯುವುದಿಲ್ಲ. ಎರಡೂ ಅಂಕಿ ಸಮವಾಗಿರುವವರು, ಅಂದರೆ ಇತ್ತೀಚೆಗೆ ಕೊಂಡವರು, ನಿಜಕ್ಕೂ ಶ್ರಮ ಹಾಕಬೇಕಾದವರು.

ಬೋರ್ಡ್ ಒಪ್ಪದಿದ್ದರೆ?

ಮಿಷಿಗನ್ ಟ್ಯಾಕ್ಸ್ ಟ್ರಿಬ್ಯುನಲ್‌ಗೆ ಜುಲೈ 31ರೊಳಗೆ ಮನವಿ ಸಲ್ಲಿಸಬಹುದು. ಸ್ವಂತ ವಾಸದ ಮನೆಗೆ ಸಣ್ಣ ದಾವೆಗಳ ವಿಭಾಗದಲ್ಲಿ ಶುಲ್ಕವಿಲ್ಲ. ಆದರೆ ವಾಸದ ಮನೆಯ ಮೌಲ್ಯವನ್ನು ಮಾರ್ಚ್‌ನಲ್ಲಿ ಬೋರ್ಡ್ ಮುಂದೆ ಪ್ರಶ್ನಿಸಿರಲೇಬೇಕು. ಅದಿಲ್ಲದಿದ್ದರೆ ಟ್ರಿಬ್ಯುನಲ್ ಬಾಗಿಲು ಮುಚ್ಚಿದಂತೆ. ಜುಲೈ ಮತ್ತು ಡಿಸೆಂಬರ್‌ನಲ್ಲಿ ಬೋರ್ಡ್ ಮತ್ತೆ ಸೇರುವುದು ಬರವಣಿಗೆಯ ತಪ್ಪು, ವಿನಾಯಿತಿಯಂಥ ವಿಷಯಗಳಿಗೆ ಮಾತ್ರ. ಬೆಲೆಯ ಚರ್ಚೆ ಅಲ್ಲಿ ನಡೆಯುವುದಿಲ್ಲ.

ನೋಟಿಸ್ ಬಂದ ಮೇಲೆ ಕೌಂಟಿ ಅಥವಾ ರಾಜ್ಯ ಗುಣಕ ಏರಿಸಿದರೆ?

ನೋಟಿಸ್‌ನಲ್ಲಿರುವ ಎಸ್‌ಇವಿ ತಾತ್ಕಾಲಿಕ. ಕೌಂಟಿಯ ಆಯುಕ್ತರ ಮಂಡಳಿ ಏಪ್ರಿಲ್‌ನಲ್ಲಿ, ರಾಜ್ಯ ತೆರಿಗೆ ಆಯೋಗ ಮೇ ತಿಂಗಳ ನಾಲ್ಕನೇ ಸೋಮವಾರ ಅಂತಿಮ ಮುದ್ರೆ ಹಾಕುತ್ತವೆ. ಅಂತಿಮ ಗುಣಕ ನೋಟಿಸ್‌ನಲ್ಲಿದ್ದ ಗುಣಕಕ್ಕಿಂತ ಹೆಚ್ಚಾಗಿ, ಅದರಿಂದ ನಿಮ್ಮ ಮೌಲ್ಯ ಮಾರುಕಟ್ಟೆ ಬೆಲೆಯ ಶೇ 50ನ್ನು ದಾಟಿದರೆ, ಬೋರ್ಡ್‌ಗೆ ಹೋಗದೆಯೇ ನೇರವಾಗಿ ಟ್ರಿಬ್ಯುನಲ್‌ಗೆ ಹೋಗಲು ಆಗಸ್ಟ್‌ನ ಮೂರನೇ ಸೋಮವಾರದವರೆಗೆ ಅವಕಾಶವಿದೆ.

ವೀಸಾದಲ್ಲಿದ್ದೇವೆ. ಆಕ್ಷೇಪಣೆ ಸಲ್ಲಿಸಿದರೆ ತೊಂದರೆಯಾಗುವುದೇ?

ಇದು ಮನೆ ಮಾಲೀಕರ ಹಕ್ಕು. ಬೋರ್ಡ್ ಕೇಳುವುದು ಮನೆಯ ಬಗ್ಗೆ, ನಿಮ್ಮ ಪೌರತ್ವದ ಬಗ್ಗೆ ಅಲ್ಲ. ಹಿಂಜರಿಯದೆ ಹೋಗಿ.

ಫೆಬ್ರವರಿ, ಮಾರ್ಚ್‌ನಲ್ಲಿ ಊರಿಗೆ ಹೋಗಿರುತ್ತೇವೆ. ಏನು ಮಾಡುವುದು?

ನಿಮ್ಮ ಪರವಾಗಿ ಸ್ನೇಹಿತರೊಬ್ಬರು ಬೋರ್ಡ್ ಮುಂದೆ ಹಾಜರಾಗಬಹುದು. ಅವರ ಹೆಸರು, ಮನೆಯ ವಿಳಾಸ, ಪಾರ್ಸೆಲ್ ಸಂಖ್ಯೆ (ಆಸ್ತಿಯ ಗುರುತಿನ ಸಂಖ್ಯೆ) ಬರೆದ ಅಧಿಕಾರ ಪತ್ರಕ್ಕೆ ನಿಮ್ಮ ಸಹಿ ಬೇಕು. ಆ ಊರಿನಲ್ಲಿ ವಾಸವಿಲ್ಲದ ಮಾಲೀಕರು ಪತ್ರದ ಮೂಲಕವೇ ಆಕ್ಷೇಪಿಸಬಹುದು. ವಾಸವಿರುವವರಿಗೂ ಕೆಲವು ಊರುಗಳು ನಿರ್ಣಯ ಮಾಡಿ ಅದೇ ಅನುಕೂಲ ಕೊಟ್ಟಿವೆ. ನಿಮ್ಮ ಊರಿನಲ್ಲಿ ಹೇಗೆ ಎಂದು ನೋಟಿಸ್‌ನಲ್ಲೇ ಬರೆದಿರುತ್ತದೆ ಅಥವಾ ಅಸೆಸರ್ ಕಚೇರಿಯಲ್ಲಿ ಹೇಳುತ್ತಾರೆ. ಅಂಚೆ ತೆಗೆದುಕೊಳ್ಳಲು ಹೇಳಿದ ನೆರೆಯವರಿಗೆ ಆ ಲಕೋಟೆಯ ಗುರುತು ಹೇಳಿ, ಬಂದ ದಿನವೇ ಫೋಟೊ ಕಳುಹಿಸಲು ಕೇಳಿಕೊಳ್ಳಿ. ಸಹಿ ಹಾಕಿದ ಅಧಿಕಾರ ಪತ್ರವನ್ನು ವಿಮಾನ ಹತ್ತುವ ಮೊದಲೇ ಅವರ ಕೈಗೆ ಕೊಟ್ಟಿರಿ.